ಹೊಸ ಮನೆಯ ಬೇಸ್‌ಮೆಂಟ್‌ನಲ್ಲಿ ತೇವ: ಬಣ್ಣ ಹೊಡೆಸುವ ಮುಂಚೆ ನೀರಿನ ದಾರಿ ಹುಡುಕಿ

ಬೆಂಗಳೂರಿನಲ್ಲಿ ವೈಶಾಖದಲ್ಲೋ ಶ್ರಾವಣದಲ್ಲೋ ಗೃಹಪ್ರವೇಶ ಮಾಡಿ ಮುಗಿಸುತ್ತಾರೆ. ಅದರ ಹಿಂದೆಯೇ ಸೆಪ್ಟೆಂಬರ್, ಅಕ್ಟೋಬರ್ ಬರುತ್ತದೆ. ಈ ಊರಿನಲ್ಲಿ ವರ್ಷದ ಜೋರು ಮಳೆ ಬೀಳುವುದೇ ಆ ಹೊತ್ತಿಗೆ. ಒಂದು ದಿನ ಬೇಸ್‌ಮೆಂಟಿಗೆ ಇಳಿದರೆ ಮುಗ್ಗಲು ವಾಸನೆ. ಗೋಡೆಯ ಬುಡದಲ್ಲಿ ಬಣ್ಣ ಕಪ್ಪಾಗಿದೆ. ಮೂಲೆಯಲ್ಲಿ ಪುಟ್ಟಿ ಉಬ್ಬಿದೆ, ಬೆರಳಿಟ್ಟರೆ ಪುಡಿಪುಡಿ. ಕಂಟ್ರಾಕ್ಟರಿಗೆ ಫೋನ್ ಮಾಡಿದರೆ "ಹೊಸ ಮನೆ ಅಲ್ವಾ ಸಾರ್, ಒಣಗುತ್ತೆ ಬಿಡಿ" ಅನ್ನುತ್ತಾರೆ. ಪೇಂಟ್ ಅಂಗಡಿಯವರು "ಡ್ಯಾಂಪ್‌ಪ್ರೂಫ್ ಎರಡು ಕೋಟ್ ಹೊಡೆಸಿಬಿಡಿ" ಅನ್ನುತ್ತಾರೆ.

ಎರಡೂ ಮಾತು ಕೆಲವು ಮನೆಗಳಿಗೆ ಸರಿಯೇ. ನಿಮ್ಮ ಮನೆಗೆ ಯಾವುದು ಸರಿ ಅನ್ನುವುದು ನೀರು ಎಲ್ಲಿಂದ ಬರುತ್ತಿದೆ ಎಂಬುದರ ಮೇಲೆ ನಿಂತಿದೆ. ಅದನ್ನು ಕಂಡುಹಿಡಿಯದೆ ಸಾವಿರಾರು ರೂಪಾಯಿ ಸುರಿದವರು ತುಂಬಾ ಜನ. ಬಣ್ಣ ಹೊಡೆಸುತ್ತಾರೆ, ಆರು ತಿಂಗಳಿಗೆ ಅದು ಗುಳ್ಳೆ ಎದ್ದು ಉದುರುತ್ತದೆ, ಮತ್ತೆ ಹೊಡೆಸುತ್ತಾರೆ. ಸಾಲ ಮಾಡಿ ಕಟ್ಟಿದ ಮನೆಯಲ್ಲಿ ಹೀಗೆ ಆಗಬಾರದು. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ನೀರಿನ ಮೂಲ ಹುಡುಕುವುದಕ್ಕೇ ಮೀಸಲು. ರಿಪೇರಿ ಆಮೇಲೆ.

ಇವತ್ತೇ ಮಾಡಬೇಕಾದ್ದು

ಮೊದಲು ಕರೆಂಟ್ ನೋಡಿ. ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್, ಪ್ಲಗ್ ಪಾಯಿಂಟ್ ಇದ್ದರೆ ಆ ಸರ್ಕ್ಯೂಟ್‌ನ ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಹಾಕಬೇಡಿ. ಬೇಸ್‌ಮೆಂಟಿನ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇದೆಯಾ ಕೇಳಿ. ಇಲ್ಲದಿದ್ದರೆ ಹಾಕಿಸಿ. ಯುಪಿಎಸ್ ಬ್ಯಾಟರಿ ನೆಲದ ಮೇಲಿದ್ದರೆ ಎತ್ತರಕ್ಕೆ ಇಡಿಸಿ.

ಮನೆಯಲ್ಲಿ ಲಿಫ್ಟ್ ಇದ್ದರೆ ಅದರ ಗುಂಡಿ ಇಡೀ ಮನೆಯಲ್ಲೇ ತಗ್ಗಿನ ಜಾಗ. ನೀರು ಬಂದರೆ ಮೊದಲು ಅಲ್ಲಿಗೇ ಬರುತ್ತದೆ. ಲಿಫ್ಟ್ ಕಂಪನಿಯ ಮೆಕ್ಯಾನಿಕ್ ಕರೆಸಿ ತೆರೆದು ನೋಡಿಸಿ. ನೀವೇ ಇಳಿಯಬೇಡಿ. ಗುಂಡಿಯಲ್ಲಿ ನೀರು ನಿಂತಿದೆ ಅಂದರೆ ಅದನ್ನು ಖಾಲಿ ಮಾಡಿಸಿ ಮೆಕ್ಯಾನಿಕ್ ನೋಡುವವರೆಗೆ ಲಿಫ್ಟ್ ಓಡಿಸಬೇಡಿ.

ಗೋಡೆಗೆ ಒರಗಿಸಿದ ರಟ್ಟಿನ ಪೆಟ್ಟಿಗೆ, ಹಾಸಿಗೆ, ಬೀರು ಎಲ್ಲವನ್ನೂ ಅರ್ಧ ಅಡಿ ಮುಂದಕ್ಕೆ ಎಳೆಯಿರಿ. ಬಡಗಿ ಕೆಲಸ, ವಾಲ್‌ಪೇಪರ್, ಜಿಪ್ಸಂ ಪ್ಯಾನೆಲ್ ಏನಾದರೂ ಬಾಕಿ ಇದ್ದರೆ ನಿಲ್ಲಿಸಿ. ಎಲ್ಲಕ್ಕಿಂತ ಮುಖ್ಯ, ಒದ್ದೆಯಾದ ಜಾಗವನ್ನು ಕೆರೆಸಿ ಬಣ್ಣ ಹಚ್ಚಿಸಬೇಡಿ. ಈಗ ಆ ಕಲೆ ನಿಮಗೆ ಬೇಕು. ನೀರು ಎಲ್ಲಿಂದ ಬರುತ್ತಿದೆ ಅಂತ ಹೇಳುವುದು ಅದೇ.

ಹೊಸ ಕಾಂಕ್ರೀಟಿನ ಒಳಗಿರುವ ನೀರು

"ಒಣಗುತ್ತೆ" ಅನ್ನುವ ಮಾತಿನಲ್ಲಿ ಎಷ್ಟು ನಿಜವಿದೆ ನೋಡೋಣ. ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 180 ಲೀಟರ್ ನೀರು ಹಾಕುತ್ತಾರೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸಿಮೆಂಟಿನ ಜೊತೆ ಸೇರಿ ಕಲ್ಲಾಗುತ್ತದೆ. ಉಳಿದದ್ದರಲ್ಲಿ ಬಹುಪಾಲು ನಿಧಾನವಾಗಿ ಆರಿಹೋಗಬೇಕು. 30×40 ಸೈಟಿನಲ್ಲಿ ನೆಲ ಮತ್ತು ಸುತ್ತಲಿನ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಗೋಡೆ ಸೇರಿ 35 ಘನ ಮೀಟರ್ ಕಾಂಕ್ರೀಟ್ ಹಿಡಿದರೆ ಎರಡು ಮೂರು ಸಾವಿರ ಲೀಟರ್ ನೀರು ಆ ಗೋಡೆ, ನೆಲದ ಒಳಗೇ ಇರುತ್ತದೆ. ಇದರ ಜೊತೆ ಪ್ಲಾಸ್ಟರಿಂಗ್ ನೀರು, ಕ್ಯೂರಿಂಗ್ ನೀರು, ಟೈಲ್ಸ್ ಕೆಳಗಿನ ಗಾರೆಯ ನೀರು.

ಕಾಂಕ್ರೀಟ್ ಒಣಗುವುದಕ್ಕೆ ಕಟ್ಟಡದವರು ಬಳಸುವ ಅಂದಾಜು ಒಂದಿದೆ: ಗಾಳಿಯಾಡುವ ಒಣ ಜಾಗದಲ್ಲಿ ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು. ಆರು ಇಂಚಿನ ನೆಲಕ್ಕೆ ಆರು ತಿಂಗಳು. ಬೇಸ್‌ಮೆಂಟಿನಲ್ಲಿ ಒಂದೇ ಕಡೆಯಿಂದ ಆರಬೇಕು, ಬಿಸಿಲಿಲ್ಲ, ಮಧ್ಯೆ ಮಳೆಗಾಲ ಬೇರೆ. ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಅಂದರೆ ಮುಹೂರ್ತಕ್ಕೆ ಮನೆ ರೆಡಿ ಆಗಬೇಕು ಅಂತ ಹಸಿ ಗೋಡೆಗೆ ಪುಟ್ಟಿ, ಬಣ್ಣ ಹಚ್ಚಿದರೆ ಒಳಗಿನ ನೀರು ಅದನ್ನು ತಳ್ಳಿಕೊಂಡು ಹೊರಗೆ ಬರುತ್ತದೆ.

ಹಾಗಾದರೆ ಇದು ಬರೀ ಕಟ್ಟಡದ ನೀರಾ, ಹೊರಗಿನ ನೀರಾ? ಕಟ್ಟಡದ ನೀರಿಗೆ ಮೂರು ಗುರುತು. ಅದು ಎಲ್ಲಾ ಕಡೆ ಒಂದೇ ಥರ ಇರುತ್ತದೆ, ಒಂದು ಮೂಲೆಗೆ ಅಂಟಿಕೊಳ್ಳುವುದಿಲ್ಲ. ತಿಂಗಳಿಂದ ತಿಂಗಳಿಗೆ ಕಡಿಮೆ ಆಗುತ್ತದೆ. ಮತ್ತೆ ಅದು ಯಾವತ್ತೂ ಹರಿಯುವುದಿಲ್ಲ. ಗೋಡೆಯ ಮೇಲೆ ನೀರು ಇಳಿದ ಗೆರೆ ಕಂಡರೆ, ನೆಲದಲ್ಲಿ ನೀರು ನಿಂತರೆ, "ಒಣಗುತ್ತೆ" ಅನ್ನುವ ಮಾತನ್ನು ಅಲ್ಲಿಗೆ ಬಿಡಿ.

ಮೂಲ ಹುಡುಕುವುದು ಹೇಗೆ

ರಾತ್ರಿ ಲೈಟ್ ಆರಿಸಿ ಒಂದು ಒಳ್ಳೆ ಟಾರ್ಚ್ ಹಿಡಿದು ಇಳಿಯಿರಿ. ಟಾರ್ಚನ್ನು ಗೋಡೆಗೆ ನೇರವಾಗಿ ಬಿಡಬೇಡಿ. ಗೋಡೆಗೆ ಅಂಟಿಸಿದ ಹಾಗೆ ಹಿಡಿದು ಬೆಳಕು ಗೋಡೆಯುದ್ದಕ್ಕೆ ಜಾರುವಂತೆ ಬಿಡಿ. ಹಗಲಲ್ಲಿ ಕಾಣದ ಸಣ್ಣ ಉಬ್ಬು, ಕೂದಲೆಳೆ ಬಿರುಕು, ಹೊಳೆಯುವ ಪಸೆ ಎಲ್ಲಾ ಆಗ ಎದ್ದು ಕಾಣುತ್ತದೆ. ಒದ್ದೆ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲೇ ತಾರೀಕು ಬರೆಯಿರಿ. ಫೋಟೋ ತೆಗೆಯಿರಿ. ವಾರಕ್ಕೊಮ್ಮೆ ಹೀಗೇ ಮಾಡಿ.

ಕಲೆಯ ಆಕಾರ ತುಂಬಾ ಹೇಳುತ್ತದೆ. ನೆಲ ಮತ್ತು ಗೋಡೆ ಸೇರುವ ಗೆರೆಯುದ್ದಕ್ಕೂ ಒದ್ದೆ ಇದ್ದರೆ ಅದು ಜಾಯಿಂಟ್. ನೆಲ ಒಂದು ದಿನ, ಗೋಡೆ ಇನ್ನೊಂದು ದಿನ ಹಾಕಿದ್ದರಿಂದ ಅಲ್ಲಿ ಸಂದು ಉಳಿದಿರುತ್ತದೆ. ಬೇಸ್‌ಮೆಂಟಿನಲ್ಲಿ ಅತಿ ಹೆಚ್ಚು ಸೋರುವ ಜಾಗ ಇದೇ. ಗೋಡೆಯ ಮಧ್ಯೆ ಎರಡು ಮೂರು ಅಡಿಗೊಂದು ಸಾಲಾಗಿ ಚುಕ್ಕಿ ಚುಕ್ಕಿ ಒದ್ದೆ ಕಂಡರೆ ಸೆಂಟ್ರಿಂಗ್ ಹಲಗೆ ಕಟ್ಟಿದ ರಾಡಿನ ತೂತುಗಳನ್ನು ಸರಿಯಾಗಿ ಮುಚ್ಚಿಲ್ಲ ಎಂದರ್ಥ. ಅಡ್ಡಾದಿಡ್ಡಿ ದೊಡ್ಡ ಕಲೆ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು ಬಂದರೆ, ಅಲ್ಲಿ ಪ್ಲಾಸ್ಟರ್ ಬಿಟ್ಟುಕೊಂಡಿರಬಹುದು, ಇಲ್ಲವೇ ಹಿಂದಿನ ಕಾಂಕ್ರೀಟ್ ಸರಿಯಾಗಿ ಕೂತಿಲ್ಲದಿರಬಹುದು. ಜಲ್ಲಿ ಮಾತ್ರ ಉಳಿದು ನಡುವೆ ಗಾರೆ ತುಂಬಿರುವುದಿಲ್ಲ. ಮೇಲಿನಿಂದ ಕೆಳಕ್ಕೆ ಇಳಿದ ಕಲೆ ಆದರೆ ಮೇಲೆ ಬಾತ್‌ರೂಮ್ ಇದೆಯಾ, ಮಳೆನೀರಿನ ಪೈಪ್ ಇದೆಯಾ, ಹೂಕುಂಡದ ತೊಟ್ಟಿ ಇದೆಯಾ ನೋಡಿ.

ಬಿಳಿ ಪುಡಿ ಕಂಡರೆ ಬೂಷ್ಟು ಅಂತ ಗಾಬರಿ ಆಗಬೇಡಿ. ಅದರ ಮೇಲೆ ಒಂದು ಹನಿ ನೀರು ಬಿಡಿ. ಕರಗಿಹೋದರೆ ಸಾಮಾನ್ಯವಾಗಿ ಅದು ಉಪ್ಪು. ನೀರು ಗೋಡೆಯೊಳಗಿಂದ ಉಪ್ಪು ಹೊತ್ತು ತಂದು, ತಾನು ಆರಿ, ಉಪ್ಪನ್ನು ಅಲ್ಲೇ ಬಿಟ್ಟಿದೆ. ಹತ್ತಿಯ ಹಾಗೆ ಮೆತ್ತಗಿದ್ದು, ಒರೆಸಿದರೆ ಕಪ್ಪು ಹಸಿರಾಗಿ ಬಳಿದುಕೊಂಡರೆ ಅದು ಬೂಷ್ಟು.

ಈಗ ಪ್ಲಾಸ್ಟಿಕ್ ಪರೀಕ್ಷೆ. ಇದಕ್ಕೆ ಖರ್ಚೇ ಇಲ್ಲ. ಎರಡಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಯನ್ನು ಬಟ್ಟೆಯಲ್ಲಿ ಒರೆಸಿ, ಹಾಳೆಯ ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಚ್ಚಿ. ಹೀಗೇ ಗೋಡೆಯಲ್ಲಿ ಎರಡು ಕಡೆ, ನೆಲದಲ್ಲಿ ಒಂದು ಕಡೆ. ಎರಡು ದಿನ ಬಿಡಿ. ಹಾಳೆಯ ಒಳಗೆ, ಗೋಡೆ ಕಡೆಗೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹಾಳೆಯ ಹೊರಮೈ ಒದ್ದೆಯಾಗಿ ಒಳಗೆ ಒಣಗಿದ್ದರೆ ಗಾಳಿಯಲ್ಲಿರುವ ತೇವ ತಣ್ಣನೆ ಗೋಡೆಯ ಮೇಲೆ ಕೂರುತ್ತಿದೆ. ಎರಡೂ ಕಡೆ ಒದ್ದೆ ಇದ್ದರೆ ಎರಡೂ ಕಾರಣ ಇವೆ. ಕಟ್ಟಡದ ನೀರಿದ್ದರೂ ಒಳಗಡೆ ಹನಿ ಕಟ್ಟುತ್ತದೆ ಅನ್ನುವುದು ನೆನಪಿರಲಿ. ಮೂರು ತಿಂಗಳು ಬಿಟ್ಟು ಅದೇ ಜಾಗದಲ್ಲಿ ಮತ್ತೆ ಮಾಡಿ ಹೋಲಿಸಿ.

ಆದರೆ ಎಲ್ಲಕ್ಕಿಂತ ಉಪಯೋಗದ್ದು ಒಂದು ಹಳೆ ಡೈರಿ. ಯಾವತ್ತು ಮಳೆ ಬಂತು, ಯಾವತ್ತು ಗೋಡೆ ಒದ್ದೆ ಆಯಿತು, ಯಾವತ್ತು ಸಂಪಿಗೆ ನೀರು ಬಿಟ್ಟಿರಿ, ಇಷ್ಟನ್ನೇ ಬರೆದಿಡಿ.

ಮಳೆ ಬಂದು ಕೆಲವೇ ಗಂಟೆಯಲ್ಲಿ ಒದ್ದೆಯಾಗಿ, ಮಳೆ ನಿಂತ ಎರಡು ದಿನಕ್ಕೆ ಕಡಿಮೆಯಾದರೆ ಅದು ಮೇಲಿನಿಂದ ಇಳಿದ ನೀರು: ಸೆಟ್‌ಬ್ಯಾಕ್ (ಮನೆ ಮತ್ತು ಕಾಂಪೌಂಡ್ ನಡುವೆ ಬಿಟ್ಟ ಜಾಗ), ಟೆರೇಸ್ ಪೈಪ್, ರ‍್ಯಾಂಪ್. ನಾಲ್ಕೈದು ದಿನ ಸತತ ಮಳೆಯಾದ ಮೇಲೆ ನಿಧಾನವಾಗಿ ಬಂದು, ಮಳೆ ನಿಂತರೂ ವಾರಗಟ್ಟಲೆ ಬಿಡದಿದ್ದರೆ ನೆಲದೊಳಗಿನ ನೀರೇ ಮೇಲೆ ಬಂದಿದೆ. ಕೆರೆ ಪಕ್ಕದ, ರಾಜಕಾಲುವೆ ಪಕ್ಕದ, ಹಿಂದೆ ಗದ್ದೆಯಾಗಿದ್ದ ತಗ್ಗಿನ ಲೇಔಟ್‌ಗಳಲ್ಲಿ ಇದು ಸಾಮಾನ್ಯ. ಮಾರ್ಚ್ ತಿಂಗಳ ಬಿಸಿಲಲ್ಲೂ ಒಂದೇ ಜಾಗ ಒದ್ದೆ ಇದೆಯಾ? ಮಳೆಯನ್ನು ಬಿಡಿ, ಸಂಪು, ನೀರಿನ ಪೈಪ್, ಒಳಚರಂಡಿ ಚೇಂಬರ್ ಕಡೆ ನೋಡಿ.

ಸಂಪು, ಪೈಪ್, ಪಕ್ಕದ ಮನೆ

ನಮ್ಮಲ್ಲಿ ಜಾಗ ಕಡಿಮೆ. ಸಂಪನ್ನು ಬೇಸ್‌ಮೆಂಟ್ ಗೋಡೆಗೆ ಅಂಟಿಸಿಯೇ ಕಟ್ಟಿರುತ್ತಾರೆ. ಗೋಡೆಯ ಈ ಕಡೆ ಕಾರು, ಆ ಕಡೆ ಆಳೆತ್ತರದ ನೀರು. ಸಂಪಿನ ಪ್ಲಾಸ್ಟರ್ ಒಂದು ಕಡೆ ಬಿರುಕು ಬಿಟ್ಟರೂ ಸಾಕು.

ಪರೀಕ್ಷೆ ಸುಲಭ. ಸಂಪು ತುಂಬಿಸಿ ನಾಲ್ಕೈದು ದಿನ ಬಳಸಿ, ಗೋಡೆ ಹೀರಬೇಕಾದ್ದು ಹೀರಿಕೊಳ್ಳಲಿ. ಆಮೇಲೆ ಒಂದು ರಾತ್ರಿ ಪೂರ್ತಿ ತುಂಬಿಸಿ, ಒಳಗೆ ಬರುವ ವಾಲ್ವ್ ಬಂದ್ ಮಾಡಿ, ಮೋಟಾರ್ ಹಾಕಬೇಡಿ. ಮುಚ್ಚಳದ ಅಂಚಿನಿಂದ ನೀರಿನ ಮಟ್ಟಕ್ಕೆ ಟೇಪ್‌ನಲ್ಲಿ ಅಳೆಯಿರಿ. 24 ಗಂಟೆ ಬಿಟ್ಟು ಮತ್ತೆ ಅಳೆಯಿರಿ. 8 ಅಡಿ ಉದ್ದ, 6 ಅಡಿ ಅಗಲದ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 45 ಲೀಟರ್ ಹೋಗಿದೆ ಎಂದರ್ಥ. ಮುಚ್ಚಿದ ಸಂಪಿನಲ್ಲಿ ಅಷ್ಟು ನೀರು ಆವಿಯಾಗಿ ಹೋಗುವುದಿಲ್ಲ.

ಪೈಪಿಗೆ: ಮನೆಯ ಎಲ್ಲಾ ನಲ್ಲಿ ನಿಲ್ಲಿಸಿ ಮೇಲಿನ ಟ್ಯಾಂಕಿನ ಮಟ್ಟವನ್ನು ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ ನೋಡಿ. ಬೀದಿಯಿಂದ ಬರುವ ಲೈನಿಗೆ, ಸಂಪಿನ ವಾಲ್ವ್ ಬಂದ್ ಮಾಡಿ, ನೀರು ಬಿಡುವ ಹೊತ್ತಿನಲ್ಲಿ ಮೀಟರ್ ತಿರುಗುತ್ತಿದೆಯಾ ನೋಡಿ. ಚೇಂಬರ್ ಮತ್ತು ಇಂಗುಗುಂಡಿಗೆ ಬಣ್ಣದ ನೀರು ಸುರಿದು ಬೇಸ್‌ಮೆಂಟಿನಲ್ಲಿ ಆ ಬಣ್ಣ ಕಾಣುತ್ತದಾ ಅಂತ ಕಾಯಬಹುದು. ಕುಡಿಯುವ ನೀರಿನ ಸಂಪಿಗೆ ಬಣ್ಣ ಹಾಕಬೇಡಿ.

ಅಕ್ಕಪಕ್ಕದ ಮನೆಯ ಸಂಪು, ಇಂಗುಗುಂಡಿ ನಿಮ್ಮ ಗೋಡೆಯ ಹಿಂದೆಯೇ ಇರಬಹುದು. ಜಗಳ ಬೇಡ. ಡೈರಿ ಮತ್ತು ಫೋಟೋ ತೋರಿಸಿ, "ಅಣ್ಣಾ, ಒಂದು ದಿನ ಸಂಪಿನ ಮಟ್ಟ ನೋಡೋಣ್ವಾ" ಅಂತ ಕೇಳಿ. ಅವರ ನೀರೂ ಪೋಲಾಗುತ್ತಿದೆ ಅಂತ ಗೊತ್ತಾದರೆ ಹೆಚ್ಚಿನವರು ಒಪ್ಪುತ್ತಾರೆ.

"ಗೋಡೆ ಬೆವರುತ್ತಿದೆ" ಅಂದರೆ ನಂಬಬೇಕಾ?

ಗಾಳಿಯಲ್ಲಿರುವ ತೇವ ತಣ್ಣನೆ ಮೇಲ್ಮೈ ಸಿಕ್ಕರೆ ನೀರಾಗುತ್ತದೆ. ಅದಕ್ಕೊಂದು ಲೆಕ್ಕ ಇದೆ. ಗಾಳಿ 27 ಡಿಗ್ರಿ ಇದ್ದು ತೇವಾಂಶ 70 ಶೇಕಡಾ ಇದ್ದರೆ, 21 ಡಿಗ್ರಿಗಿಂತ ತಣ್ಣಗಿರುವ ಗೋಡೆಯ ಮೇಲೆ ಹನಿ ಕಟ್ಟುತ್ತದೆ. ಬೆಂಗಳೂರಿನ ಮಳೆಗಾಲದ ಗಾಳಿ ಹೆಚ್ಚುಕಡಿಮೆ ಹೀಗೇ. ಆದರೆ ಇಲ್ಲಿ ನೆಲದೊಳಗಿನ ಮಣ್ಣು 23, 24 ಡಿಗ್ರಿ ಆಸುಪಾಸು ಇರುತ್ತದೆ. ಹಾಗಾಗಿ ಬೇಸ್‌ಮೆಂಟ್ ಗೋಡೆ ತಾನಾಗಿ ಬೆವರುವುದು ಕಡಿಮೆ. ಎಸಿ ಹಾಕಿದ ಹೋಮ್ ಥಿಯೇಟರ್ ಆದರೆ ಬೇರೆ ಮಾತು. ಎಸಿ ಗೋಡೆಯನ್ನು ತಣ್ಣಗೆ ಮಾಡಿರುತ್ತದೆ, ಬಾಗಿಲು ತೆರೆದ ಕೂಡಲೇ ಹೊರಗಿನ ಗಾಳಿ ನುಗ್ಗುತ್ತದೆ.

ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಟೈಲ್ಸ್ ನೆಲವೇ ಒದ್ದೆಯಾಗುವುದನ್ನು ನೋಡಿರುತ್ತೀರಿ. ಅಲ್ಲಿ ಗಾಳಿ ಅಷ್ಟು ತೇವ. ನ್ಯೂಜೆರ್ಸಿ, ಟೊರಾಂಟೊ ಕಡೆ ಹೊಸ ಮನೆ ತೆಗೆದುಕೊಂಡ ನಮ್ಮವರಿಗಂತೂ ಇದೇ ಮೊದಲ ಕಾರಣ. ಅಲ್ಲಿ ಜುಲೈ ಗಾಳಿ ಬೆಚ್ಚಗೆ, ಬೇಸ್‌ಮೆಂಟ್ ಗೋಡೆ 18 ಡಿಗ್ರಿಗಿಂತ ಕೆಳಗೆ. ಮುಗ್ಗಲು ವಾಸನೆ ಹೋಗಲಿ ಅಂತ ಕಿಟಕಿ ತೆರೆದರೆ ಇನ್ನೂ ಜಾಸ್ತಿ ಒದ್ದೆ. ಅಲ್ಲಿ ಕಿಟಕಿ ಮುಚ್ಚಿ ಡಿಹ್ಯೂಮಿಡಿಫೈಯರ್ ಹಾಕುವುದೇ ಸರಿ.

ಒಂದು ಸಣ್ಣ ತೇವಾಂಶ ಮೀಟರ್ ತಂದು ಗೋಡೆಗೆ ನೇತುಹಾಕಿ. 60 ಶೇಕಡಾಕ್ಕಿಂತ ಕೆಳಗಿದ್ದರೆ ನೆಮ್ಮದಿ. ವಾರಗಟ್ಟಲೆ 75, 80 ತೋರಿಸಿದರೆ ಬೂಷ್ಟು ಬರುವುದು ಖಂಡಿತ.

ರಿಪೇರಿ ಹೊರಗಿನಿಂದ ಶುರುವಾಗಲಿ

ಬೇಸ್‌ಮೆಂಟ್ ಕಟ್ಟುವಾಗ ಸುತ್ತ ಅಗೆದಿರುತ್ತಾರೆ. ಗೋಡೆ ಎದ್ದ ಮೇಲೆ ಅದೇ ಮಣ್ಣನ್ನು ಮತ್ತೆ ತುಂಬುತ್ತಾರೆ. ಆ ಮಣ್ಣನ್ನು ಒಂದಡಿಗಿಂತ ಕಡಿಮೆ ಪದರದಲ್ಲಿ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಬೇಕು. ಹೆಚ್ಚಿನ ಕಡೆ ಇಟ್ಟಿಗೆ ಚೂರು, ಸಿಮೆಂಟ್ ಚೀಲ, ಪ್ಲಾಸ್ಟಿಕ್ ಸೇರಿಸಿ ಒಟ್ಟಿಗೇ ಸುರಿದು ಮೇಲೆ ಟೈಲ್ಸ್ ಹಾಕಿಬಿಡುತ್ತಾರೆ. ಒಂದೆರಡು ಮಳೆಗೆ ಮಣ್ಣು ಕುಸಿಯುತ್ತದೆ, ಟೈಲ್ಸ್ ಮನೆಯ ಕಡೆಗೆ ವಾಲುತ್ತದೆ. ಕಂಟ್ರಾಕ್ಟರ್ ಮನೆ ಒಪ್ಪಿಸಿದ ದಿನ ವಾಟ ಸರಿಯಾಗಿಯೇ ಇತ್ತು. ಈಗ ಅದು ಉಲ್ಟಾ.

ಒಂದು ಬಕೆಟ್ ನೀರನ್ನು ಸೆಟ್‌ಬ್ಯಾಕಿನಲ್ಲಿ ನಿಧಾನವಾಗಿ ಸುರಿದು ನೋಡಿ. ಗೋಡೆಯ ಕಡೆ ಬಂದರೆ ಉತ್ತರ ಸಿಕ್ಕಿತು. ಆ ಟೈಲ್ಸ್ ತೆಗೆದು, ಮಣ್ಣು ಗಟ್ಟಿ ಮಾಡಿ, ಮೂರಡಿ ಅಗಲಕ್ಕೆ ಕನಿಷ್ಠ ಎರಡು ಸೆಂಟಿಮೀಟರ್ ಇಳಿಜಾರು ಕೊಟ್ಟು ಮತ್ತೆ ಹಾಕಿಸಿ. ಇಳಿದ ನೀರು ಕಾಂಪೌಂಡಿನ ಬುಡದಲ್ಲಿ ನಿಲ್ಲದ ಹಾಗೆ ಅಲ್ಲೊಂದು ಸಣ್ಣ ಕಾಲುವೆ ಮಾಡಿ ಮುಂದಿನ ಮೋರಿಗೆ ಸೇರಿಸಿ. ಇಲ್ಲದಿದ್ದರೆ ನಿಮ್ಮ ನೀರು ಪಕ್ಕದವರ ಬೇಸ್‌ಮೆಂಟಿಗೆ ಹೋಗುತ್ತದೆ.

ಟೆರೇಸ್ ನೀರು ಎಲ್ಲಿಗೆ ಬೀಳುತ್ತದೆ ನೋಡಿ. 1,200 ಚದರಡಿ ಟೆರೇಸ್ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ಅದನ್ನು ಇಳಿಸುವ ಪೈಪಿನ ಬಾಯಿ ಗೋಡೆಯ ಬುಡದಲ್ಲೇ ಇದ್ದರೆ ಬೇರೆ ಯಾವ ರಿಪೇರಿಯೂ ನಿಲ್ಲುವುದಿಲ್ಲ.

ಇಂಗುಗುಂಡಿ ಬಗ್ಗೆ ನಾನು ಒತ್ತಿ ಹೇಳಬೇಕು. ಬೆಂಗಳೂರಿನಲ್ಲಿ 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ. ಒಳ್ಳೆಯ ನಿಯಮ, ಪಾಲಿಸಲೇಬೇಕು. ಆದರೆ ಜಾಗ ಇಲ್ಲ ಅಂತ ಬೇಸ್‌ಮೆಂಟ್ ಗೋಡೆಗೆ ಎರಡಡಿ ದೂರದಲ್ಲಿ ಗುಂಡಿ ತೋಡಿ, ಟೆರೇಸಿನ ನೀರೆಲ್ಲಾ ಅಲ್ಲಿಗೆ ಬಿಡುತ್ತಾರೆ. ಗೋಡೆಯ ಹಿಂದೆ ನಾವೇ ಕೈಯಾರೆ ಒಂದು ಬಾವಿ ಮಾಡಿದ ಹಾಗಾಯಿತು. ಗುಂಡಿಯನ್ನು ಗೋಡೆಯಿಂದ ಸಾಧ್ಯವಾದಷ್ಟು ದೂರಕ್ಕೆ, ಸೈಟಿನ ಮುಂಭಾಗದ ಮೂಲೆಗೆ ಒಯ್ಯಿರಿ. ಅದೂ ಆಗದಿದ್ದರೆ ಬೇಸ್‌ಮೆಂಟ್ ನೆಲದ ಮಟ್ಟಕ್ಕಿಂತ ಕೆಳಗಿನವರೆಗೂ ಸಂದು ಮುಚ್ಚಿದ ಗಟ್ಟಿ ರಿಂಗ್ ಇಳಿಸಿ, ಅದರ ಕೆಳಗೆ ಮಾತ್ರ ನೀರು ಇಂಗುವ ಹಾಗೆ ಮಾಡಿಸಿ. ನೆಲದೊಳಗಿನ ನೀರು ಮೊದಲೇ ಮೇಲಿರುವ ಜಾಗದಲ್ಲಿ ಇಂಗಿಸುವ ಬದಲು ಟ್ಯಾಂಕಿನಲ್ಲಿ ತುಂಬಿಟ್ಟು ಬಳಸಿ.

ರ‍್ಯಾಂಪಿನ ಮೇಲ್ತುದಿಯಲ್ಲಿ ರಸ್ತೆಗಿಂತ ಎತ್ತರದ ಉಬ್ಬು ಇರಬೇಕು, ಕೆಳತುದಿಯಲ್ಲಿ ಜಾಲರಿ ಮುಚ್ಚಿದ ಅಡ್ಡ ಕಾಲುವೆ ಇರಬೇಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟ್‌ಗಳಿಗೆ ನೀರು ನುಗ್ಗಿದ್ದು ಎಲ್ಲರೂ ನೋಡಿದ್ದೇ. ಪ್ರತಿ ಸಲ ರಸ್ತೆಗೆ ಹೊಸ ಡಾಂಬರು ಹಾಕಿದಾಗ ರಸ್ತೆ ಎತ್ತರವಾಗುತ್ತದೆ. ಆಗೆಲ್ಲ ಆ ಉಬ್ಬನ್ನು ಮತ್ತೆ ಅಳೆದು ನೋಡಿ.

ಗೋಡೆಯ ಹೊರಮೈಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು ಅಂದರೆ ಬುಡದವರೆಗೂ ಅಗೆಯಬೇಕು. ಗುಣದಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ನೀರು ಹೊರಗಿನಿಂದ ಒತ್ತಿದಷ್ಟೂ ಪದರ ಗೋಡೆಗೆ ಅಂಟುತ್ತದೆ. ಆದರೆ ಎಂಟು ಹತ್ತು ಅಡಿ ಆಳದ ಕಿರಿದಾದ ಕಂದಕ ಕುಸಿದರೆ ಒಳಗಿದ್ದವರ ಪ್ರಾಣ ಹೋಗುತ್ತದೆ. ಪಕ್ಕದ ಮನೆಯ ಪಾಯವೂ ಸಡಿಲವಾಗಬಹುದು. ಇಂಜಿನಿಯರ್ ನಿಂತು, ಆಸರೆ ಕೊಟ್ಟು, ತುಂಡು ತುಂಡಾಗಿ ಅಗೆಸುವುದಾದರೆ ಮಾತ್ರ ಕೈ ಹಾಕಿ. ಕೂಲಿಯವರನ್ನು ಸುಮ್ನೆ ಇಳಿಸಬೇಡಿ.

ಒಳಗಿನ ಕೆಲಸ

ಒಳಗಿನಿಂದ ಬಣ್ಣ ಯಾಕೆ ನಿಲ್ಲುವುದಿಲ್ಲ? ಒಂದು ಮೀಟರ್ ಎತ್ತರದ ನೀರು ಒಂದು ಚದರ ಮೀಟರಿಗೆ ಸುಮಾರು ಒಂದು ಟನ್ ಒತ್ತಡ ಹಾಕುತ್ತದೆ. ಅದು ಬಣ್ಣವನ್ನು ಗೋಡೆಯಿಂದ ಆಚೆಗೆ ತಳ್ಳುತ್ತಿರುತ್ತದೆ. ಹಾಗಾಗಿ ಮೇಲೆ ಅಂಟುವ ಪದರದ ಬದಲು ಕಾಂಕ್ರೀಟಿನ ಒಳಗೆ ಹೋಗಿ ಕೂರುವಂಥ ವಸ್ತು ಬೇಕು.

ಮೊದಲು ಪ್ಲಾಸ್ಟರ್, ಪುಟ್ಟಿ ಎಲ್ಲಾ ಕೆತ್ತಿ ಕಾಂಕ್ರೀಟ್ ಕಾಣಬೇಕು. ಪ್ಲಾಸ್ಟರ್ ಮೇಲೆಯೇ ಕೆಮಿಕಲ್ ಹೊಡೆಯುತ್ತೇವೆ ಅನ್ನುವವರನ್ನು ವಾಪಸ್ ಕಳಿಸಿ. ನೆಲ ಗೋಡೆ ಸೇರುವ ಸಂದಿನಲ್ಲಿ ಒಂದು ಇಂಚು ಅಗಲ, ಒಂದು ಇಂಚು ಆಳಕ್ಕೆ ಕಾಲುವೆಯ ಹಾಗೆ ಕೊರೆಸಿ. ನೀರು ಹರಿಯುತ್ತಿದ್ದರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುವ ಪ್ಲಗ್ ಸಿಮೆಂಟ್ ಒತ್ತಿ ನಿಲ್ಲಿಸಿ, ಮೇಲೆ ಕುಗ್ಗದ ಗಾರೆ ತುಂಬಿ, ಮೂಲೆಗೆ ಓರೆಯಾಗಿ ಗಾರೆ ಹೊಂದಿಸಬೇಕು. ರಾಡಿನ ತೂತುಗಳಿಗೂ ಇದೇ ಕ್ರಮ. ಟೊಳ್ಳು ಕಾಂಕ್ರೀಟನ್ನು ಗಟ್ಟಿ ಸಿಗುವವರೆಗೆ ಕೆತ್ತಿ ಪಾಲಿಮರ್ ಗಾರೆ ತುಂಬಬೇಕು.

ನೀರು ಒಸರುವ ಬಿರುಕಿಗೆ ಪಿಯು (ಪಾಲಿಯುರೆಥೇನ್) ಗ್ರೌಟಿಂಗ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಿರುಕಿನ ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ತೂತು ಕೊರೆದು, ನಳಿಕೆ ಕೂರಿಸಿ, ಪಂಪಿನಲ್ಲಿ ರೆಸಿನ್ ಒತ್ತುತ್ತಾರೆ. ಅದು ನೀರು ಸೋಕಿದ ಕೂಡಲೇ ನೊರೆಯಾಗಿ ಉಬ್ಬಿ ಸಂದು ತುಂಬುತ್ತದೆ. ಹಾಗಾಗಿ ಈ ಕೆಲಸವನ್ನು ಒದ್ದೆ ಇರುವಾಗಲೇ ಮಾಡಿಸುವುದು ಒಳ್ಳೆಯದು. ಬೇಸಿಗೆಗೆ ಮುಂದೂಡಿದರೆ ಸೋರುವ ಜಾಗವೇ ಕಾಣುವುದಿಲ್ಲ. ಬಿರುಕು ಅಗಲವಾಗುತ್ತಾ ಹೋಗುತ್ತಿದ್ದರೆ ಗ್ರೌಟಿಂಗ್ ಬೇಡ, ಸ್ಟ್ರಕ್ಚರಲ್ ಇಂಜಿನಿಯರ್ ಬೇಕು.

ಇಷ್ಟಾದ ಮೇಲೆ ಕ್ರಿಸ್ಟಲೈನ್ ಸಿಮೆಂಟ್ ಕೋಟ್. ಗೋಡೆಯನ್ನು ನೆನೆಸಿ ಎರಡು ಕೋಟ್ ಬ್ರಷ್‌ನಲ್ಲಿ ಹಚ್ಚುತ್ತಾರೆ. ಅದು ಕಾಂಕ್ರೀಟಿನ ಸಣ್ಣ ರಂಧ್ರಗಳ ಒಳಗೆ ಹರಳು ಬೆಳೆಸುತ್ತದೆ. ಎರಡು ಮೂರು ದಿನ ನೀರು ಚಿಮುಕಿಸಿ ಹಸಿಯಾಗಿ ಇಡಬೇಕು. ಎಷ್ಟು ಕಿಲೋ ಹಚ್ಚಬೇಕು ಅಂತ ಚೀಲದ ಮೇಲೆ ಬರೆದಿರುತ್ತದೆ. ಗೋಡೆಯ ಅಳತೆಗೆ ಲೆಕ್ಕ ಹಾಕಿ ಖಾಲಿ ಚೀಲ ಎಣಿಸಿ. ಕೆಲಸ ಕೆಡುವುದು ಇಲ್ಲೇ.

ಇವೆಲ್ಲ ಆರ್‌ಸಿಸಿ ಗೋಡೆಗೆ. ಸೈಜುಗಲ್ಲಿನ ಗೋಡೆಯಾದರೆ ಪ್ರತಿ ಸಂದೂ ನೀರಿಗೆ ದಾರಿ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬರುತ್ತದೆ. ಅಲ್ಲಿ ಸಂದುಗಳಿಗೆ ಗ್ರೌಟ್ ತುಂಬಿ ಪಾಯಿಂಟಿಂಗ್ ಮಾಡಿಸಿ. ಆಮೇಲೂ ಜಿನುಗುವ ನೀರಿಗೆ ಗೋಡೆಯ ಬುಡದಲ್ಲಿ ಸಣ್ಣ ಕಾಲುವೆ ಕೊಡಿ. ನೀರನ್ನು ಪೂರ್ತಿ ತಡೆಯುವ ಹಟಕ್ಕಿಂತ ಅದಕ್ಕೊಂದು ದಾರಿ ಕೊಡುವುದು ಇಂಥ ಗೋಡೆಗೆ ಜಾಣತನ. ಕಾಲುವೆಯ ಕೊನೆಗೆ ಎರಡಡಿ ಚೌಕದ ಗುಂಡಿ, ಅದರಲ್ಲಿ ತಾನಾಗಿ ಆನ್ ಆಗುವ ಪಂಪ್, ನೀರು ಹಿಂದೆ ಬರದ ಹಾಗೆ ವಾಲ್ವ್. ಪಂಪಿಗೆ ಯುಪಿಎಸ್ ಅಥವಾ ಜನರೇಟರ್ ಲೈನ್ ಕೊಡಿ, ಜೋರು ಮಳೆಯಲ್ಲೇ ಕರೆಂಟ್ ಹೋಗುವುದು. ಆ ನೀರನ್ನು ಮಳೆನೀರಿನ ಮೋರಿಗೆ ಬಿಡಿ, ಯುಜಿಡಿ (ಒಳಚರಂಡಿ) ಚೇಂಬರಿಗೆ ಬಿಡಬೇಡಿ.

ನೆಲದಿಂದಲೇ ನೀರು ಉಕ್ಕುತ್ತಿದ್ದರೆ ಯಾವ ಕೋಟೂ ಹಚ್ಚಿಸುವ ಮುಂಚೆ ಇಂಜಿನಿಯರಿಗೆ ತೋರಿಸಿ. ಆರು ಇಂಚು ಕಾಂಕ್ರೀಟ್ ಚದರ ಮೀಟರಿಗೆ 375 ಕಿಲೋ ಆಸುಪಾಸು ತೂಗುತ್ತದೆ. ನೆಲದ ಅಡಿಯಿಂದ ಬರೀ 40 ಸೆಂಟಿಮೀಟರ್ ಮೇಲಕ್ಕೆ ನೀರಿನ ಮಟ್ಟ ಬಂದರೂ ಸಾಕು, ಗೋಡೆಗೆ ಕಂಬಿಯಿಂದ ಕಟ್ಟದ ನೆಲ ಮೇಲೆದ್ದು ಬಿರುಕು ಬಿಡಬಹುದು.

ಒಣಗಿದ ಮೇಲೆ

ಬೂಷ್ಟು ಇದ್ದ ಜಾಗವನ್ನು ಎನ್95 ಮಾಸ್ಕ್, ಗ್ಲೌಸ್ ಹಾಕಿಕೊಂಡು ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು ಒರೆಸಿ. ಒಣಗಿದ್ದಾಗ ಕೆರೆದರೆ ಪುಡಿ ಮನೆಯೆಲ್ಲಾ ಹರಡುತ್ತದೆ. ಬ್ಲೀಚ್ ಬಳಸುವುದಾದರೆ ಆಸಿಡ್ ಜೊತೆಗೋ ಬೇರೆ ಕ್ಲೀನರ್ ಜೊತೆಗೋ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಆಸ್ತಮಾ ಇದ್ದವರು, ವಯಸ್ಸಾದವರು, ಮಕ್ಕಳು ಆ ಹೊತ್ತಿಗೆ ಹತ್ತಿರ ಬೇಡ. ಉಪ್ಪನ್ನು ಒಣ ಬ್ರಷ್‌ನಲ್ಲಿ ತೆಗೆಯಿರಿ. ನೀರು ಹಾಕಿದರೆ ಅದು ಮತ್ತೆ ಗೋಡೆಯೊಳಗೇ ಹೋಗುತ್ತದೆ.

ಹೊಸ ಪ್ಲಾಸ್ಟರ್ ಮೇಲೆ ಪುಟ್ಟಿ ಬೇಡ. ಆವಿ ಹೊರಗೆ ಹೋಗಲು ಬಿಡುವ ಸಿಮೆಂಟ್ ಅಥವಾ ಸುಣ್ಣದ ಬಣ್ಣ ಸಾಕು. ಆಯಿಲ್ ಪೇಂಟ್, ವಿನೈಲ್ ಬೇಡ. ಬೀರು, ಪ್ಯಾನೆಲ್ ಏನೇ ಮಾಡಿಸಿದರೂ ಗೋಡೆಯಿಂದ ಎರಡು ಇಂಚು ಬಿಟ್ಟು, ನೆಲದಿಂದ ಎತ್ತರಿಸಿ ಕೂರಿಸಲಿ. ಇದೆಲ್ಲ ರಿಪೇರಿ ಆಗಿ ಒಂದು ಪೂರ್ತಿ ಸೆಪ್ಟೆಂಬರ್, ಅಕ್ಟೋಬರ್ ಕಳೆದ ಮೇಲೆ.

ಕಾಗದ, ದುಡ್ಡು

ಬಿಲ್ಡರ್‌ನಿಂದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರುವ ವಿಲ್ಲಾ ಅಥವಾ ಫ್ಲಾಟ್ ತೆಗೆದುಕೊಂಡಿದ್ದರೆ, 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ನಿಮ್ಮ ಕಡೆಗಿದೆ. ಸ್ವಾಧೀನ ಕೊಟ್ಟು ಐದು ವರ್ಷದೊಳಗೆ ಕಂಡ ಕಟ್ಟಡದ ದೋಷ, ಕೆಲಸದ ದೋಷವನ್ನು ನೀವು ತಿಳಿಸಿದ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ಫೋನಿನಲ್ಲಿ ಹೇಳಿದರೆ ಲೆಕ್ಕಕ್ಕೆ ಬರುವುದು ಕಷ್ಟ. ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್ ಕಳಿಸಿ, ತಾರೀಕು ಬರೆದ ಫೋಟೋ ಜೊತೆಗಿಡಿ.

ಸ್ವಂತ ಸೈಟಿನಲ್ಲಿ ಕಂಟ್ರಾಕ್ಟರ್ ಕೈಯಲ್ಲಿ ಕಟ್ಟಿಸಿದ್ದರೆ ರೇರಾ ಬರುವುದಿಲ್ಲ. ಒಪ್ಪಂದದ ಪತ್ರ ಮತ್ತು ಗ್ರಾಹಕ ಆಯೋಗ ನಿಮ್ಮ ಆಸರೆ. ಅಲ್ಲಿ ದೂರು ಕೊಡಲು ಸಾಮಾನ್ಯವಾಗಿ ಎರಡು ವರ್ಷದ ಗಡುವು ಇದೆ, ಕಾಯುತ್ತಾ ಕೂರಬೇಡಿ.

ವಾಟರ್‌ಪ್ರೂಫಿಂಗ್‌ನವರು ಹತ್ತು ವರ್ಷದ ಗ್ಯಾರಂಟಿ ಕಾಗದ ಕೊಡುತ್ತಾರೆ. ಯಾವ ಗೋಡೆ, ಯಾವ ವಸ್ತು, ಎಷ್ಟು ಕೋಟ್, ಸೋರಿದರೆ ಎಷ್ಟು ದಿನದಲ್ಲಿ ಬರುತ್ತಾರೆ ಎಂಬುದು ಅದರಲ್ಲಿರಲಿ. ದುಡ್ಡಿನಲ್ಲಿ ಒಂದು ಪಾಲನ್ನು ಮುಂದಿನ ಮಳೆಗಾಲ ಮುಗಿದ ಮೇಲೆ ಕೊಡುವುದಾಗಿ ಕೆಲಸ ಶುರುವಾಗುವ ಮುಂಚೆಯೇ ಬರೆಸಿಕೊಳ್ಳಿ.

ಇನ್ನೂ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಬೇಸ್‌ಮೆಂಟ್ ಗೋಡೆಯ ಹೊರಗೆ ಮಣ್ಣು ತುಂಬುವ ದಿನ ರಜೆ ಹಾಕಿ ಸೈಟಿನಲ್ಲಿರಿ. ನೆಲ ಗೋಡೆ ಸಂದಿನಲ್ಲಿ ವಾಟರ್‌ಸ್ಟಾಪ್ ಪಟ್ಟಿ ಹಾಕಿದಾಗಿನ ಫೋಟೋ ನಿಮ್ಮ ಹತ್ತಿರ ಇದೆಯಾ, ರಾಡಿನ ತೂತು ಮುಚ್ಚಿದೆಯಾ, ಹೊರಮೈಗೆ ಕೋಟ್ ಬಿದ್ದಿದೆಯಾ, ಅದು ಕಲ್ಲು ತಾಗಿ ಹರಿಯದ ಹಾಗೆ ಮೇಲೊಂದು ರಕ್ಷಣೆ ಹಾಳೆ ಇದೆಯಾ ಕಣ್ಣಾರೆ ನೋಡಿ. ಒಂದೊಂದರದೂ ಫೋಟೋ ತೆಗೆದ ಮೇಲೆಯೇ ಮಣ್ಣು ಬೀಳಲಿ.